ಲೈಸೆನ್ಸ್ ಹೋದ ಮೇಲೂ ಉಳಿದ ಕೆಲಸ

ಜಿಡಿಪಿಯ ತ್ರೈಮಾಸಿಕ ಅಂಕಿಅಂಶ ಹೊರಬಿದ್ದ ದಿನ ಇಲ್ಲಿ ಎರಡು ಪಂಗಡಗಳು ತೋಳೇರಿಸಿ ನಿಲ್ಲುತ್ತವೆ. ಅರ್ಧ ಶೇಕಡಾ ಏರಿದ್ದರೆ ಒಂದಕ್ಕೆ ಹಬ್ಬ, ಇಳಿದಿದ್ದರೆ ಇನ್ನೊಂದಕ್ಕೆ. ಬೆಳವಣಿಗೆ ದರ ಲೆಕ್ಕಕ್ಕಿಲ್ಲ ಎಂದು ನಾನು ಹೇಳುವುದಿಲ್ಲ; ಹಂಚುವುದಕ್ಕಾದರೂ ಏನಾದರೂ ಇರಬೇಕಲ್ಲ. ನನ್ನ ತಕರಾರು ಬೇರೆ. ಆರ್ಥಿಕ ಸುಧಾರಣೆ ಎಂದಾಕ್ಷಣ ಸರ್ಕಾರ ಯಾವುದರಿಂದ ಕೈ ತೆಗೆಯಿತು ಎಂದು ಎಲ್ಲರೂ ಕೇಳುತ್ತಾರೆ. ಯಾವುದಕ್ಕೆ ಕೈ ಹಾಕಿತು ಎಂದು ಕೇಳುವವರು ಕಡಿಮೆ.

ಕೈ ತೆಗೆದರೆ ಏನಾಗುತ್ತದೆ ಎಂಬುದನ್ನು ಚೀನಾದ ಅನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಹಳ್ಳಿಯಲ್ಲಿ ನೋಡಬೇಕು. 1978ರ ಚಳಿಗಾಲದಲ್ಲಿ ಅಲ್ಲಿನ 18 ರೈತರು ಗುಟ್ಟಾಗಿ ಒಂದು ಕರಾರು ಬರೆದುಕೊಂಡರು. ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರದ ಪಾಲನ್ನು ಅಳೆದುಕೊಟ್ಟು ಮಿಕ್ಕದ್ದನ್ನು ತಾವೇ ಇಟ್ಟುಕೊಳ್ಳುವುದು. ಸಿಕ್ಕಿಬಿದ್ದರೆ ಜೈಲು ಖಚಿತ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಮುಖಂಡರು ಸೆರೆಯಾದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು ಎಂಬ ಮಾತನ್ನೂ ಆ ಕಾಗದದಲ್ಲಿ ಸೇರಿಸಿದರು. ಮರುವರ್ಷ ಫಸಲು ಹಲವು ಪಟ್ಟು ಹೆಚ್ಚಿತು. ನೆಲ ಅದೇ, ದುಡಿಯುವ ರಟ್ಟೆಗಳೂ ಅವೇ. ಆಗಿನ ನಾಯಕ ಡೆಂಗ್ ಶಿಯಾವೊಪಿಂಗ್ ಕಾಲದ ಬೀಜಿಂಗ್ ಸರ್ಕಾರ ಆ ರೈತರನ್ನು ಶಿಕ್ಷಿಸಲಿಲ್ಲ; 1984ರ ಹೊತ್ತಿಗೆ ಅದೇ ಪದ್ಧತಿ ಹೆಚ್ಚುಕಡಿಮೆ ಇಡೀ ದೇಶದ್ದಾಗಿತ್ತು.

ಮಾರುಕಟ್ಟೆಯ ಅಭಿಮಾನಿಗಳು ಕಥೆಯನ್ನು ಇಲ್ಲಿಗೇ ಮುಗಿಸಿ ಚಪ್ಪಾಳೆ ತಟ್ಟುತ್ತಾರೆ. ಮುಂದಿನದನ್ನೂ ಹೇಳಬೇಕು. 1982ರ ಜನಗಣತಿಯ ವೇಳೆಗೆ ಚೀನಾದ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನ ಅಕ್ಷರಸ್ಥರು. ನಮ್ಮಲ್ಲಿ 1981ರಲ್ಲಿ, ಏಳು ವರ್ಷದ ಮಕ್ಕಳನ್ನೂ ಸೇರಿಸಿ ಎಣಿಸಿದರೂ, ಶೇಕಡಾ 44 ದಾಟಿರಲಿಲ್ಲ. ಅದಕ್ಕೆ ಹತ್ತಾರು ವರ್ಷ ಮೊದಲೇ ಅಲ್ಲಿನ ಹಳ್ಳಿಗಳಿಗೆ ಶಾಲೆ, ಲಸಿಕೆ, ಅಷ್ಟಿಷ್ಟು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ತಲುಪಿದ್ದರು. (ಅದೇ ಆಡಳಿತ ಕೋಟ್ಯಂತರ ಜನರನ್ನು ಕ್ಷಾಮಕ್ಕೆ ನೂಕಿ ಕೊಂದದ್ದೂ ನಿಜ. ಹೊಗಳುವ ಭರದಲ್ಲಿ ಅದನ್ನು ನುಂಗಿಕೊಳ್ಳುವವನಲ್ಲ ನಾನು.) ಮುಂದೆ ದಕ್ಷಿಣ ಚೀನಾದ ಶೆನ್‌ಝೆನ್‌ನಲ್ಲಿ ಕಾರ್ಖಾನೆಗಳು ತೆರೆದಾಗ ಹಳ್ಳಿಯಿಂದ ಬಂದ ಹುಡುಗಿಯರಲ್ಲಿ ಬಹುಪಾಲು ಮಂದಿ ಯಂತ್ರದ ಮೇಲಿನ ಸೂಚನೆ ಓದಬಲ್ಲವರಾಗಿದ್ದರು.

ಬೆಳವಣಿಗೆಯೊಂದೇ ಸಾಕು ಎನ್ನುವವರು ಈಕ್ವಟೋರಿಯಲ್ ಗಿನಿಯನ್ನು ನೋಡಲಿ. ತೊಂಬತ್ತರ ದಶಕದ ನಡುವೆ ಅಲ್ಲಿ ಭಾರೀ ತೈಲ ನಿಕ್ಷೇಪ ಸಿಕ್ಕಿತು. ಕಾಗದದ ಮೇಲೆ ತಲಾ ಆದಾಯ ಆಫ್ರಿಕಾದ ಮುಂಚೂಣಿ ದೇಶಗಳ ಸಾಲಿಗೆ ಜಿಗಿಯಿತು, ಜನಸಾಮಾನ್ಯರ ಬಡತನ ಇದ್ದಲ್ಲೇ ಇತ್ತು. ಅಧ್ಯಕ್ಷರ ಮಗ ಪ್ಯಾರಿಸ್ಸಿನಲ್ಲಿ ಬಂಗಲೆ, ದುಬಾರಿ ಕಾರುಗಳನ್ನು ಕೂಡಿಹಾಕಿದ್ದರು. ಸಾರ್ವಜನಿಕ ಹಣ ಲಪಟಾಯಿಸಿದ್ದಕ್ಕಾಗಿ 2017ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಘೋಷಿಸಿತು.

ಇನ್ನು ನಮ್ಮ 1991. ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಿತ್ತು, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಅಡಮಾನಕ್ಕೆ ಹೋಯಿತು. ಜುಲೈ 24ರಂದು ಬಜೆಟ್ ಮಂಡನೆಯಾದ ದಿನವೇ ಬಂದ ಕೈಗಾರಿಕಾ ನೀತಿ 18 ಉದ್ಯಮಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಸರ್ಕಾರದ ಲೈಸೆನ್ಸ್ ಬೇಕೆಂಬ ನಿಯಮವನ್ನು ತೆಗೆದುಹಾಕಿತು. ಅದು ಆಗಲೇಬೇಕಿತ್ತು, ಅದರಿಂದ ದೇಶಕ್ಕೆ ಒಳ್ಳೆಯದೇ ಆಯಿತು. ಸ್ಕೂಟರಿಗಾಗಿ ವರ್ಷಗಟ್ಟಲೆ ಕಾದವರ ಮುಂದೆ ಲೈಸೆನ್ಸ್ ರಾಜ್ಯದ ಗುಣಗಾನ ಮಾಡುವ ಧೈರ್ಯ ನನಗಿಲ್ಲ.

ಆದರೆ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಉದ್ಯಮಿಯ ಕಟ್ಟು ಬಿಚ್ಚುವುದಕ್ಕೆ ಒಂದು ದಿನ ಸಾಕಾಯಿತು. ಮಗುವಿನ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸುವ ತಿದ್ದುಪಡಿ ಬಂದದ್ದು 2002ರಲ್ಲಿ, ಅದರ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 1991ರಲ್ಲಿ ಆರು ವರ್ಷದವನಾಗಿದ್ದು ಒಂದನೇ ತರಗತಿಗೆ ಸೇರಬೇಕಿದ್ದವನಿಗೆ ಆ ಹೊತ್ತಿಗೆ ಇಪ್ಪತ್ತೈದು.