ದಡದಲ್ಲಿ ಸಾಧು, ಅಳಿವೆಯಲ್ಲಿ ಶನಿ

ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿಗೆ ಮಾನ ಮರ್ಯಾದೆ ಇಲ್ಲ. ದಕ್ಕೆಯಲ್ಲಿ ಹಗ್ಗ ಎಳೆದರೆ ಒಂದೇ ಏಟಿಗೆ ಶುರು. ಸಣ್ಣ ಸ್ಪೀಡಿನಲ್ಲಿ ಏನು ನಯ, ಏನು ವಿನಯ! ಗಂಗೊಳ್ಳಿ ಅಳಿವೆಯಲ್ಲಿ ಐದು ಹೊಳೆಗಳ ನೀರು ಒಂದು ಕಡೆಯಿಂದ, ಕಡಲ ತೆರೆ ಎದುರಿನಿಂದ ನುಗ್ಗುವಾಗ ಪೂರ್ತಿ ಥ್ರಾಟಲ್ ಕೊಟ್ಟಿರೋ, ಆಗಲೇ ಅದಕ್ಕೆ ಕೆಮ್ಮು. ಅರ್ಧಕ್ಕೆ ಇಳಿಸಿದರೆ ಮತ್ತೆ ಸಾಧು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿಯೊಳಗಿನ ನಾಡದೋಣಿಗೆ ನಾಲ್ಕು ಕಾಸು ಕಾಣುವ ಕಾಲ ಅದು. ಕೆಮ್ಮಿಗೂ ಅದೇ ಕಾಲ ಬೇಕು.

ವಾಪಸು ಬಂದರೆ ರಿಪೇರಿಯ ಕಾರ್ಬೋರೇಟರ್ ಅಣ್ಣ ಕಾಯುತ್ತಿರುತ್ತಾರೆ. ಇಂಥ ಒಬ್ಬರಿಲ್ಲದ ದಕ್ಕೆ ಕರಾವಳಿಯಲ್ಲೇ ಇಲ್ಲ. ಕಾಯಿಲೆ ಹೇಳಿ ಮುಗಿಸುವ ಮೊದಲೇ "ಕಾರ್ಬೋರೇಟರ್" ಎಂದು ತೀರ್ಪು ಬಂದಾಗಿರುತ್ತದೆ. ಗಾಳಿಗೆ ಇಂಧನ ಬೆರೆಸುವ ಆ ಭಾಗದ ತಳದ ಬಟ್ಟಲು, ಅಂದರೆ ಬೌಲ್, ಬಿಚ್ಚುತ್ತಾರೆ. ಇಂಧನ ಹಾಯುವ ಸಣ್ಣ ತೂತಿನ ಜೆಟ್ಟನ್ನು ಬಾಯಿಗಿಟ್ಟು ಊದುತ್ತಾರೆ. ಒಂದು ಕಣ್ಣು ಮುಚ್ಚಿ ಆಕಾಶಕ್ಕೆ ಹಿಡಿಯುತ್ತಾರೆ. ತೂತಿನಲ್ಲಿ ಸೂರ್ಯ ಕಂಡರೆ ಕ್ಲೀನು, ಕಾಣದಿದ್ದರೆ ಇನ್ನೊಮ್ಮೆ ಊದು. ಆಷಾಢದಲ್ಲಿ ಸೂರ್ಯ ಎಲ್ಲಿಂದ ಬರಬೇಕು? ಊದುವುದು ಮುಗಿಯುವುದೇ ಇಲ್ಲ. ಕೊನೆಗೆ ಗುಂಡುಪಿನ್ನು ತೂರಿಸುತ್ತಾರೆ. ಹಿತ್ತಾಳೆಯ ಜೆಟ್ಟು ಕೂದಲೆಳೆಯಷ್ಟು ಅಗಲವಾದರೂ ಸಾಕು, ಇಂಧನ ಜಾಸ್ತಿಯಾಗಿ ಕಿಡಿ ಹಾರಿಸುವ ಪ್ಲಗ್ಗು ಕಪ್ಪಾಗುತ್ತದೆ. ಅದು ನಾಳಿನ ಕೆಲಸ. ಎಲ್ಲ ಜೋಡಿಸಿದ ಮೇಲೆ ಒಂದು ವಾಷರ್ ಉಳಿಯುತ್ತದೆ. "ಅದು ಬೇಡ, ಕಂಪನಿಯವ ಸುಮ್ಮನೆ ಹಾಕುವುದು" ಎಂದು ಅಣ್ಣ ಅದನ್ನು ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ ಇಳಿಸಿ ಸ್ಟಾರ್ಟ್ ಮಾಡಿದರೆ, ಆಹಾ, ಎಷ್ಟು ಚಂದ ಓಡುತ್ತದೆ! ಸ್ವಾಮೀ, ಅದು ಮೊದಲೂ ಓಡುತ್ತಿತ್ತಲ್ಲ. ಡ್ರಮ್ಮಿನಲ್ಲಿ ಅಳಿವೆ ಇದೆಯೇ?

ನೋಡಬೇಕಾದ್ದು ಮೊದಲು ಇಂಧನದ ಟ್ಯಾಂಕಿನ ಮುಚ್ಚಳ. ಅದರ ಮೇಲೆ ಒಳಗೆ ಗಾಳಿ ಬಿಡುವ ಸಣ್ಣ ತಿರುಪು ಇರುತ್ತದೆ. ಹೊತ್ತು ತರುವಾಗ ಚೆಲ್ಲದಿರಲೆಂದು ಬಿಗಿದದ್ದನ್ನು ಸಡಿಲಿಸಲು ಯಾರಿಗೂ ನೆನಪಾಗುವುದಿಲ್ಲ. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ತಡೆತಡೆದು ಬರುವುದಿಲ್ಲವೇ, ಇಲ್ಲೂ ಹಾಗೇ: ಸಣ್ಣ ಸ್ಪೀಡಿಗೆ ಸಾಲುತ್ತದೆ, ದೊಡ್ಡದಕ್ಕೆ ಉಪವಾಸ.

ತಿರುಪು ಸಡಿಲವಿದ್ದೂ ಕೆಮ್ಮಿದರೆ, ಬಯಲು ನೀರಿನಲ್ಲಿ, ಕೆಮ್ಮುತ್ತಿರುವಾಗಲೇ, ಇನ್ನೊಬ್ಬರು ಇಂಧನದ ಪೈಪಿನ ರಬ್ಬರ್ ಬಲ್ಬನ್ನು ಹಿಚುಕುತ್ತಿರಲಿ. ಎಂಜಿನ್ ಚೇತರಿಸಿಕೊಂಡರೆ ಇಂಧನ ಬರುತ್ತಿಲ್ಲ ಎಂದರ್ಥ: ಪಂಪಿನೊಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್, ಹರಿದಿರಬಹುದು, ಬಿರುಕುಬಿಟ್ಟ ಪೈಪು ಗಾಳಿ ಎಳೆಯುತ್ತಿರಬಹುದು. ಬಲ್ಬು ತಾನಾಗಿ ಚಪ್ಪಟೆಯಾಗುತ್ತಿದ್ದರೆ ಅಡಚಣೆ ಟ್ಯಾಂಕಿನ ಕಡೆಗಿದೆ. ಒಳಗಿನ ಜಾಲರಿ ತೊಳೆಯಿರಿ. ಹಿಚುಕಿ ಪ್ರಯೋಜನವಾಗದಿದ್ದರೆ ಪ್ಲಗ್ಗಿನ ಕಡೆ ಹೊರಳಿ. ಪೆಟ್ರೋಲಿನಲ್ಲಿ ಶುರು ಮಾಡಿ, ಎಂಜಿನ್ ಬಿಸಿಯಾಗುವ ಮೊದಲೇ ಸೀಮೆಎಣ್ಣೆಗೆ ತಿರುಗಿಸುವ ಆತುರಗಾರರ ಪ್ಲಗ್ಗಂತೂ ಮಸಿಗಟ್ಟಿಯೇ ಇರುತ್ತದೆ.

ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಹೋಗುವುದಿಲ್ಲ ಎಂದಾದರೆ ಅಣ್ಣನನ್ನು ಕರೆಯಲೇಬೇಡಿ, ತಪ್ಪು ನೀರಿನಡಿ ತಿರುಗುವ ಫ್ಯಾನಿನದು. ಬಲೆಯ ದಾರವೋ ಪ್ಲಾಸ್ಟಿಕ್ಕೋ ಸುತ್ತಿಲ್ಲ ತಾನೇ? ಹಾಗಾದರೆ ಫ್ಯಾನಿನ ನಡುಭಾಗದ, ಅಂದರೆ ಹಬ್‌ನ, ಒಳಗಿನ ಲೋಹದ ಕೊಳವೆಗೂ (ಬುಷ್) ಹೊರಗಿನ ಲೋಹಕ್ಕೂ ಸೇರಿಸಿ ಬಣ್ಣದಲ್ಲೊಂದು ಗೆರೆ ಎಳೆದು, ಜೋರಾಗಿ ಓಡಿಸಿ ಬಂದು ನೋಡಿ. ಗೆರೆ ತುಂಡಾಗಿ ಅತ್ತಿತ್ತ ಸರಿದಿದ್ದರೆ ನಡುವಿನ ರಬ್ಬರು ಜಾರುತ್ತಿದೆ.

ಹಾಯಿಯ ಕಾಲದಲ್ಲಿ ಗಾಳಿ ನಿಂತರೆ ಬೈಯಲು ವಾಯುದೇವ ಒಬ್ಬನೇ ಇದ್ದ. ಹುಟ್ಟು ಹಾಕುತ್ತ ಹೋಗುವಾಗ ದೋಣಿಯ ಪಕ್ಕದಲ್ಲಿ ಬೂತಾಯಿ ಮೀನಿನ ಹಿಂಡು ಏಳುವ ಸರಸರ ಸದ್ದು ಕಿವಿಗೇ ಕೇಳುತ್ತಿತ್ತಂತೆ. ಈಗ ಕೇಳುವುದು ಎಂಜಿನ್ನು, ಇಲ್ಲವೇ ಅಣ್ಣ.

ಹೊಟ್ಟೆ ಉರಿಯುವುದು ಯಾಕೆಂದರೆ, ಅಪರೂಪಕ್ಕೆ ಅವರ ಮಾತೂ ನಿಜವಾಗುತ್ತದೆ. ಸಣ್ಣ ಸ್ಪೀಡಿಗೆ ಪೈಲಟ್ ಜೆಟ್ಟು, ದೊಡ್ಡದಕ್ಕೆ ಮೇನ್ ಜೆಟ್ಟು. ಮೇನ್ ಜೆಟ್ಟಿನಲ್ಲಿ ಕಸ ಕೂತರೆ ಥೇಟ್ ಇದೇ ಕೆಮ್ಮು. ಆ ಒಂದು ಸಲದ ಕಥೆಯನ್ನು ದಕ್ಕೆಯವರೆಲ್ಲ ವರ್ಷಗಟ್ಟಲೆ ಕೇಳಬೇಕು. ಉಳಿದ ಸಲಗಳ ವಾಷರುಗಳು ಅಣ್ಣನ ಡಬ್ಬಿಯಲ್ಲಿವೆ. ಬೇಕಾದವರು ಹೋಗಿ ಹುಡುಕಿಕೊಳ್ಳಬಹುದು.