ಪಾಠ ಮಾಡಲು ಸಮಯ ಕೊಡಿ

ಸಂಬಳ ಚೆನ್ನಾಗಿದ್ದರೂ ಹೈಸ್ಕೂಲ್ ಶಿಕ್ಷಕರಲ್ಲಿ ಮೊದಲಿನ ಶ್ರದ್ಧೆ ಇಲ್ಲ ಎಂದು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದೀರಿ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶ್ರದ್ಧೆ ಎಲ್ಲೂ ಹೋಗಿಲ್ಲ ಸರ್, ಪಾಠಕ್ಕೆ ಸಮಯವೇ ಸಿಗುತ್ತಿಲ್ಲ.

ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ ನಾವೇ ಬರೆಯಬೇಕು. ಮಕ್ಕಳ ವಿವರ ದಾಖಲಿಸುವ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬಬೇಕು. ಸರ್ವರ್ ಕೈಕೊಟ್ಟರೆ ಒಂದು ಪೀರಿಯಡ್ ಹೋದಂತೆಯೇ. ನಡುವೆ ಚುನಾವಣೆ ಕೆಲಸ. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮನೆ ಮನೆ ಸುತ್ತಿದೆವು. ಅದಕ್ಕಾಗಿ ದಸರಾ ರಜೆ ಅಕ್ಟೋಬರ್ 18ರವರೆಗೂ ಎಳೆಯಿತು. ಅಷ್ಟೂ ದಿನ ಹತ್ತನೇ ತರಗತಿಯ ತ್ರಿಕೋನಮಿತಿ ಹಾಗೇ ಉಳಿಯಿತು.

2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು ಬಂತು. ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ನಕಲು ತಡೆದದ್ದು ಒಳ್ಳೆಯದೇ. ಆದರೆ ಫಲಿತಾಂಶ ಬಿದ್ದಾಗ ಕಾರಣ ಕೇಳುವುದು ನಮ್ಮನ್ನು ಮಾತ್ರ, ಅಲ್ವಾ? ಏಪ್ರಿಲ್ 2006ರ ನಂತರ ಸೇರಿದ ನನ್ನಂಥವರಿಗೆ ಎನ್‌ಪಿಎಸ್ ಚಿಂತೆ ಬೇರೆ; ಈ ಹೊಸ ಪಿಂಚಣಿ ಯೋಜನೆಯಲ್ಲಿ ಹಳೆಯದರಂತೆ ನಿಶ್ಚಿತ ಪಿಂಚಣಿ ಇಲ್ಲ. ಪಕ್ಕದಲ್ಲೇ ಕೂರುವ ಅತಿಥಿ ಶಿಕ್ಷಕಿ ನಮ್ಮಷ್ಟೇ ಪಾಠ ಮಾಡುತ್ತಾರೆ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಅನ್ನುವ ಭಯದಲ್ಲೇ ಅವರ ವರ್ಷ ಕಳೆಯುತ್ತದೆ. ಅವರ ಸ್ಥಿತಿ ನೋಡಿದರೆ ನನ್ನ ಕಷ್ಟ ಹೇಳಲು ನಾಚಿಕೆಯಾಗುತ್ತದೆ.

ಆದರೂ ಖುಷಿ ಇದೆ. ಮೊನ್ನೆ ಗಣಿತ ಅಂದರೆ ಅಳುತ್ತಿದ್ದ ಹುಡುಗಿ ಪೈಥಾಗೊರಸ್ ಪ್ರಮೇಯವನ್ನು ಬೋರ್ಡ್ ಮೇಲೆ ತಾನೇ ಸಾಧಿಸಿ ತೋರಿಸಿದಳು. ಅವತ್ತು ಬಸ್ಸಿನಲ್ಲಿ ನಿಂತೇ ಮನೆಗೆ ಹೋದೆ, ಸುಸ್ತೇ ಅನಿಸಲಿಲ್ಲ. ಪ್ರತಿ ಹೈಸ್ಕೂಲಿಗೂ ಕಚೇರಿ ಕೆಲಸಕ್ಕೆ ಒಬ್ಬ ಗುಮಾಸ್ತರನ್ನು ಕೊಡಲಿ. ಆ ಹುಡುಗಿಯಂಥವರ ಜೊತೆ ಕೂರಲು ನನಗೆ ದಿನಕ್ಕೆ ಒಂದು ಗಂಟೆಯಾದರೂ ಉಳಿಯುತ್ತದೆ.