ಗುಂಡಿಯಲ್ಲಿ ಮುಖ ಕಂಡವರು

ಗೆಳೆಯನೊಬ್ಬ ಪತ್ರಿಕೆಗೆ ದಿನಾ ಪಾಕೆಟ್ ಕಾರ್ಟೂನು ಬರೆಯುತ್ತಾನೆ. ಮೊನ್ನೆ ರಸ್ತೆಗುಂಡಿಯೊಂದನ್ನು ಬರೆದ. ಗುಂಡಿ, ಅದರಲ್ಲಿ ಒಂದಿಷ್ಟು ನೀರು, ನೀರಲ್ಲೊಂದು ಕಪ್ಪೆ. ನರಮನುಷ್ಯರ ಸುಳಿವಿಲ್ಲ. ಬೆಳಿಗ್ಗೆ ಏಳೂವರೆಗೇ ಫೋನು: "ನಮ್ ಸಾಹೇಬ್ರನ್ನ ಹಿಂಗೆಲ್ಲ ಬರೀಬೋದಾ?" ಎಂಟಕ್ಕೆ ಎದುರು ಪಕ್ಷದವರು ಮಾಡಿದರು, ಅವರಿಗೂ ಅದೇ ಸಂಕಟ. ಒಂಬತ್ತಕ್ಕೆ ಕಂಟ್ರಾಕ್ಟರು: "ಆ ಗುಂಡಿ ನಂದಲ್ಲ ಸಾರ್, ನಂದು ಇನ್ನೂ ದೊಡ್ಡದು." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಕಳ್ಳ ಅಂತಲೂ ಅಂದಿರಲಿಲ್ಲ, ಬರೀ ಕುಂಬಳಕಾಯಿ ಬರೆದಿದ್ದ.

ಹಾಗಂತ ನಮಗೆ ವ್ಯಂಗ್ಯಚಿತ್ರದ ಮೇಲೆ ಪ್ರೀತಿ ಇಲ್ಲವೇ? ಉಂಟು, ಮಾತಾಡದ ಹಾಗಾದ ಮೇಲೆ. ಮೈಸೂರಿನ ಹುಡುಗ, 'ಕೊರವಂಜಿ' ಹಾಸ್ಯಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಆರ್.ಕೆ. ಲಕ್ಷ್ಮಣ್ ಮುಂಬೈನ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ಪ್ರತಿಭೆ ಸಾಲದು ಅಂತ ವಾಪಸ್ ಬಂತು. ಮುಂದೆ ಅದೇ ಶಾಲೆ ಅವರನ್ನೇ ಅತಿಥಿಯಾಗಿ ಕರೆಯಿತು. ಅವರ ಕಾರ್ಟೂನಿನ ಚೌಕಳಿ ಕೋಟಿನ ಶ್ರೀಸಾಮಾನ್ಯ 1988ರಲ್ಲಿ ಅಂಚೆಚೀಟಿ ಏರಿದ, 2001ರಲ್ಲಿ ಪುಣೆಯಲ್ಲಿ ಕಂಚಿನ ಪ್ರತಿಮೆಯಾದ. ಜೀವಮಾನದಲ್ಲಿ ತುಟಿ ಬಿಚ್ಚದ ಪ್ರಜೆ ಅವನು. ಅಂಥವನಿಗೆ ಹಾರ ಹಾಕೋಕೆ ಯಾವ ಸರ್ಕಾರಕ್ಕೆ ತಾನೇ ಕಷ್ಟ?

"ನನ್ನನ್ನೂ ಬಿಡಬೇಡಿ ಶಂಕರ್" ಅಂತ 'ಶಂಕರ್ಸ್ ವೀಕ್ಲಿ'ಯ ವ್ಯಂಗ್ಯಚಿತ್ರಕಾರ ಶಂಕರ್‌ಗೆ ನೆಹರೂ ಅಂದಿದ್ದರು. ಮಗಳ ಕಾಲಕ್ಕೆ ತುರ್ತುಪರಿಸ್ಥಿತಿ ಬಂತು, 1975ರಲ್ಲಿ ಶಂಕರ್ ತಮ್ಮ ವಾರಪತ್ರಿಕೆಯ ಬಾಗಿಲೇ ಹಾಕಿಕೊಂಡರು.

ಈಗಂತೂ ಬರೆಯಬೇಕೆಂದೂ ಇಲ್ಲ. ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಮೇಷ್ಟ್ರು ಅಂಬಿಕೇಶ್ ಮಹಾಪಾತ್ರ, ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರ ಮೇಲಿನ ಒಂದು ಕಾರ್ಟೂನನ್ನು ಇಮೇಲಿನಲ್ಲಿ ಫಾರ್ವರ್ಡ್ ಮಾಡಿದರು, ಅಷ್ಟೇ. 2012ರ ಏಪ್ರಿಲಿನಲ್ಲಿ ಬಂಧನವಾಯಿತು. ಕೇಸಿನಿಂದ ಬಿಡುಗಡೆ ಸಿಕ್ಕಿದ್ದು 2023ರ ಜನವರಿಯಲ್ಲಿ. ಒಂದು ನಗೆಗೆ ಹತ್ತಿರತ್ತಿರ ಹನ್ನೊಂದು ವರ್ಷ! ಅದೇ 2012ರ ಸೆಪ್ಟೆಂಬರಿನಲ್ಲಿ ಮುಂಬೈ ಪೊಲೀಸರು ಅಸೀಮ್ ತ್ರಿವೇದಿ ಎಂಬ ವ್ಯಂಗ್ಯಚಿತ್ರಕಾರನನ್ನು ದೇಶದ್ರೋಹದ ಕಲಮಿನಡಿ ಬಂಧಿಸಿದರು. ಪೆನ್ಸಿಲ್ ಚೂಪು ಮಾಡಿಕೊಂಡರೆ ಸಾಕು, ರಾಜ್ಯವೇ ಅಲ್ಲಾಡುವಷ್ಟು ಗಟ್ಟಿಮುಟ್ಟಾದ ಸರ್ಕಾರಗಳು ನಮ್ಮವು.

ಗೆಳೆಯನಿಗೆ ನಾನೇ ಬುದ್ಧಿ ಹೇಳಿದೆ: "ಲಕ್ಷ್ಮಣ್ ಕಾಗೆ ಬರೀತಿದ್ರಲ್ಲ, ನೀನೂ ಕಾಗೆ ಬರಿ ಮಾರಾಯ. ಕಾಗೆಗೆ ಯಾರೂ ಮಾನನಷ್ಟ ಕೇಸು ಹಾಕಲ್ಲ." ಮಾತು ಕೇಳಿದ. ಕರೆಂಟು ಕಂಬ, ತಂತಿ, ಮೇಲೊಂದು ಕಾಗೆ. ಶೀರ್ಷಿಕೆಯನ್ನೂ ಕೊಡಲಿಲ್ಲ.

ಬೆಳಿಗ್ಗೆ ಏಳೂವರೆಗೆ ಫೋನು ಬಂತು.

"ಎಡಗಡೆ ತಿರುಗಿ ಕೂತಿದೆಯಲ್ರೀ, ಯಾವ ಪಕ್ಷ ಇದು?"

"ಪಕ್ಷ ಅಲ್ಲ ಸಾರ್, ಪಕ್ಷಿ."

"ನಾಳೆ ಪೇಪರಲ್ಲಿ ಅದನ್ನ ಸ್ಪಷ್ಟೀಕರಣ ಅಂತ ಹಾಕ್ಬಿಡಿ."